ಬೆಟ್ಟದ ಫೋಟೊಗೆ ಬೆಟ್ಟದ್ದೇ ಬೆಳಕು: ಬಣ್ಣ, ಬೆಳಕು ಸರಿಪಡಿಸುವ ದಾರಿ

ಆಗಸ್ಟ್‌ನಲ್ಲಿ ಕುದುರೆಮುಖದ ಕಡೆ ಹೋದವರಿಗೆ ಇದು ಗೊತ್ತು. ಮಳೆ ಈಗಷ್ಟೇ ಹೊಳವಾಗಿರುತ್ತದೆ. ಹುಲ್ಲುಗುಡ್ಡದ ಬೆನ್ನ ಮೇಲೆ ಮಂಜು ಹರಿಯುತ್ತಿರುತ್ತದೆ. ಗುಡ್ಡಗಳ ಸಂದಿಯಲ್ಲಿ ಶೋಲಾ ಕಾಡು ಕಪ್ಪುಹಸಿರಾಗಿ ಮುದುಡಿ ಕೂತಿರುತ್ತದೆ. ಹತ್ತಾರು ಫೋಟೊ ತೆಗೆದು ಖುಷಿಯಿಂದ ಮನೆಗೆ ಬರುತ್ತೇವೆ. ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಎಲ್ಲವೂ ಸಪ್ಪೆ ಬೂದು. ಬೇಜಾರಾಗಿ ಬಣ್ಣ ಗಾಢ ಮಾಡುವ ಸ್ಯಾಚುರೇಷನ್ ಸ್ಲೈಡರ್ ಎಳೆಯುತ್ತೇವೆ. ಹುಲ್ಲು ಗಿಳಿಹಸಿರಾಗುತ್ತದೆ, ಮಂಜು ನೀಲಿಯಾಗುತ್ತದೆ, ಕಾಡು ಒಂದು ಕಪ್ಪು ಮುದ್ದೆಯಾಗುತ್ತದೆ. ಫೋಟೊ ಕಣ್ಣಿಗೆ ಹೊಡೆಯುವಷ್ಟು ಜೋರಾಗಿದೆ. ಆದರೆ ನಾವು ನಿಂತಿದ್ದ ಜಾಗ ಅದರಲ್ಲಿ ಇಲ್ಲ.

ನಾನೂ ಹಲವು ವರ್ಷ ಹೀಗೇ ಮಾಡಿದ್ದೇನೆ. ಈಗ ಯಾವ ಸ್ಲೈಡರ್ ಮುಟ್ಟುವ ಮುಂಚೆಯೂ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಅಲ್ಲಿ ಆ ಹೊತ್ತು ಬೆಳಕು ಎಂಥದಿತ್ತು? ಮುಂದೆ ಹೇಳುವ ಎಲ್ಲ ಹೆಜ್ಜೆಗಳೂ ಈ ಪ್ರಶ್ನೆಯ ಉತ್ತರದ ಮೇಲೆ ನಿಂತಿವೆ.

ಬೆಳಕಿಗೆ ಹೆಸರು ಇಡಿ

ನಮ್ಮ ಭಾಷೆಯಲ್ಲಿ ಬೆಳಕಿಗೆ ಎಷ್ಟು ಹೆಸರಿವೆ ನೋಡಿ. ಎಳೆಬಿಸಿಲು, ಹೂಬಿಸಿಲು, ಸುಡುಬಿಸಿಲು, ಇಳಿಬಿಸಿಲು, ಮುಸ್ಸಂಜೆ, ಮಬ್ಬು. ಒಂದೊಂದಕ್ಕೂ ಬೇರೆ ಬಣ್ಣ, ಬೇರೆ ನೆರಳು. ಎಳೆಬಿಸಿಲಿನಲ್ಲಿ ನೆರಳು ಉದ್ದ, ಬಣ್ಣ ಹೊನ್ನಿನದು. ಮಳೆಗಾಲದ ಮಬ್ಬಿನಲ್ಲಿ ನೆರಳೇ ಇರುವುದಿಲ್ಲ, ಬಣ್ಣ ಮಾತ್ರ ಗಾಢ. ಫೋಟೊ ತೆಗೆದ ಜಾಗದಲ್ಲೇ ಮೊಬೈಲ್‌ನಲ್ಲಿ ಎರಡು ಸಾಲು ಬರೆದಿಡಿ. ನನ್ನ ಒಂದು ಟಿಪ್ಪಣಿ ಹೀಗಿದೆ: "ಮಬ್ಬು. ಹತ್ತಿರದ ಹುಲ್ಲು ಹಳದಿ ಕಡೆ. ದೂರದ ಗುಡ್ಡ ನೀಲಿಬೂದು. ಮಂಜು ಹಾಲಿನ ಥರ, ನೀಲಿ ಇಲ್ಲ." ಎರಡು ವಾರ ಬಿಟ್ಟು ಎಡಿಟ್ ಮಾಡುವಾಗ ಈ ಟಿಪ್ಪಣಿಯಷ್ಟು ಸಹಾಯ ಬೇರೆ ಯಾವುದರಿಂದಲೂ ಆಗಿಲ್ಲ. ನಮ್ಮ ನೆನಪು ದಿನ ಕಳೆದಂತೆ ಬಣ್ಣವನ್ನು ಜಾಸ್ತಿ ಮಾಡುತ್ತಾ ಹೋಗುತ್ತದೆ.

ಕೂರುವ ಮುಂಚೆ

ಸಾಧ್ಯವಾದರೆ ರಾ ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ಹಿಡಿದದ್ದನ್ನು ಅಡುಗೆ ಮಾಡದೆ ಹಸಿಯಾಗಿ ಇಡುವ ಫೈಲ್‌ನಲ್ಲಿ, ತೆಗೆಯಿರಿ. ಜೆಪೆಗ್‌ನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲು ಮಾತ್ರ. 14 ಬಿಟ್‌ನ ರಾ ಫೈಲ್‌ನಲ್ಲಿ 16,384 ಮೆಟ್ಟಿಲು. ಮೋಡದ ಬಿಳಿಯಲ್ಲಿ, ಕಾಡಿನ ಕತ್ತಲಲ್ಲಿ ಅಡಗಿದ ವಿವರ ಹೊರಗೆ ಬರುವುದು ಈ ಹೆಚ್ಚಿನ ಮೆಟ್ಟಿಲುಗಳಿಂದ. ಜೊತೆಗೆ ರಾ ಫೈಲ್‌ನಲ್ಲಿ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಫೋಟೊದ ಬಣ್ಣ ತೂಗುವುದು) ಇನ್ನೂ ಗಟ್ಟಿಯಾಗಿ ಕೂತಿರುವುದಿಲ್ಲ, ಆಮೇಲೆ ಆರಾಮಾಗಿ ಬದಲಿಸಬಹುದು. ಈಗ ಎಷ್ಟೋ ಮೊಬೈಲ್‌ಗಳ ಪ್ರೊ ಮೋಡ್‌ನಲ್ಲೂ ರಾ ಸಿಗುತ್ತದೆ. ಜೆಪೆಗ್ ಮಾತ್ರ ಇದ್ದರೂ ಚಿಂತೆ ಬೇಡ, ಇಲ್ಲಿನ ಕ್ರಮ ಅದಕ್ಕೂ ಆಗುತ್ತದೆ. ಸ್ಲೈಡರ್‌ಗಳನ್ನು ಅರ್ಧಕ್ಕಿಂತ ಕಮ್ಮಿ ಎಳೆಯಿರಿ, ಅಷ್ಟೇ.

ಸಾಫ್ಟ್‌ವೇರ್ ಯಾವುದಾದರೂ ಸರಿ. ಲೈಟ್‌ರೂಮ್ ಹೆಸರುಗಳು ಎಲ್ಲರಿಗೂ ಪರಿಚಯ ಇರುವುದರಿಂದ ಅವನ್ನೇ ಬಳಸುತ್ತೇನೆ. ದುಡ್ಡು ಕೊಡುವುದು ಬೇಡ ಅಂದರೆ ಕಂಪ್ಯೂಟರ್‌ಗೆ ಡಾರ್ಕ್‌ಟೇಬಲ್, ರಾಥೆರಪಿ ಇವೆ, ಮೊಬೈಲ್‌ಗೆ ಸ್ನ್ಯಾಪ್‌ಸೀಡ್ ಇದೆ. ಡಾರ್ಕ್‌ಟೇಬಲ್ ಬಳಸುವವರು ಒಂದು ಮಾತು ನೆನಪಿಡಿ. ಅದರ ಹೊಸ ಕ್ರಮದಲ್ಲಿ ಬಣ್ಣದ ಬಿಸಿ, ತಂಪು ಬದಲಿಸುವ ಕೆಲಸ "ಕಲರ್ ಕ್ಯಾಲಿಬ್ರೇಷನ್" ಮಾಡ್ಯೂಲ್‌ನದು. ಅದು ಆನ್ ಇರುವಾಗ ಹಳೆಯ "ವೈಟ್ ಬ್ಯಾಲೆನ್ಸ್" ಮಾಡ್ಯೂಲನ್ನೂ ತಿರುಗಿಸಿದರೆ ಎರಡೂ ಸೇರಿ ಬಣ್ಣ ಕೆಡುತ್ತದೆ.

ಇನ್ನು ಪರದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ರಾತ್ರಿ ಹೊತ್ತು ಪರದೆಯನ್ನು ಹಳದಿ ಮಾಡುವ ನೈಟ್ ಲೈಟ್, ಐಫೋನ್‌ನ ಟ್ರೂ ಟೋನ್ ಮೊದಲು ಆಫ್ ಮಾಡಿ. ಅವು ಆನ್ ಇದ್ದರೆ ನೀವು ಸರಿ ಅಂದುಕೊಂಡು ಕೂರಿಸುವ ಬಣ್ಣ ಬೇರೆಯವರ ಪರದೆಯಲ್ಲಿ ನೀಲಿ ನೀಲಿ. ಹೊಳಪೂ ಅಷ್ಟೇ ಮುಖ್ಯ. ಒಮ್ಮೆ ನನ್ನ ಫೋಟೊ ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಕೈಗೆ ಬಂದದ್ದು ಕತ್ತಲೆ ಚಿತ್ರ, ಕಾಡೆಲ್ಲ ಮಸಿ. ಪ್ರಿಂಟ್ ಮಾಡಿದವರದೇ ತಪ್ಪು ಅಂದುಕೊಂಡಿದ್ದೆ. ಮನೆಗೆ ಬಂದು ನೋಡಿದರೆ ನನ್ನ ಪರದೆಯ ಹೊಳಪು ನೂರಕ್ಕೆ ನೂರು. ಅಷ್ಟು ಹೊಳೆಯುವ ಪರದೆಯಲ್ಲಿ ಕತ್ತಲೆ ಫೋಟೊ ಕೂಡ ಬೆಳ್ಳಗೆ ಕಾಣುತ್ತದೆ. ಕೋಣೆಯಲ್ಲಿ ಒಂದು ಬಿಳಿ ಹಾಳೆ ಹಿಡಿದು, ಪರದೆಯ ಬಿಳಿ ಹೆಚ್ಚುಕಮ್ಮಿ ಅದರಷ್ಟೇ ಬೆಳ್ಳಗೆ ಕಾಣುವ ಹಾಗೆ ಹೊಳಪು ಇಳಿಸಿಕೊಳ್ಳಿ. ಪರದೆಯ ಬಣ್ಣ ಅಳೆದು ಸರಿಪಡಿಸುವ ಕ್ಯಾಲಿಬ್ರೇಟರ್ ಉಪಕರಣ ಇದ್ದರೆ ಇನ್ನೂ ಒಳ್ಳೆಯದು. ಆಗ 6,500 ಕೆಲ್ವಿನ್, ಚದರ ಮೀಟರ್‌ಗೆ 100ರಿಂದ 120 ಕ್ಯಾಂಡೆಲಾದ ಹೊಳಪು ಇಟ್ಟುಕೊಳ್ಳಿ.

ಹೆಜ್ಜೆ 1: ಒಟ್ಟು ಬೆಳಕು

ಮೊದಲು ಎಕ್ಸ್‌ಪೋಷರ್ ಒಂದನ್ನೇ ಮುಟ್ಟಿ. ಮಂಜು ತುಂಬಿದ ಫೋಟೊಗಳು ಸಾಮಾನ್ಯವಾಗಿ ಕತ್ತಲಾಗಿ ಬಂದಿರುತ್ತವೆ. ಕ್ಯಾಮೆರಾದ ಮೀಟರ್ ಎದುರಿಗೆ ಇರುವುದನ್ನೆಲ್ಲ ನಡುಬೂದು ಮಾಡಲು ನೋಡುತ್ತದೆ. ಹಾಲುಬಿಳಿ ಮಂಜನ್ನೂ ಬೂದು ಮಾಡುತ್ತದೆ. ಮನೆಗೆ ಬಂದು ನೋಡಿದಾಗ ಕಂಡ ಆ ಸಪ್ಪೆಗೆ ಅರ್ಧ ಕಾರಣ ಇದೇ. ಬಣ್ಣ ಕಮ್ಮಿಯಾಗಿದೆ ಅಂತ ನಾವು ಸ್ಯಾಚುರೇಷನ್ ಎಳೆಯುತ್ತೇವೆ, ನಿಜಕ್ಕೂ ಕಮ್ಮಿಯಾಗಿರುವುದು ಬೆಳಕು. ಅಂಥ ಫೋಟೊಗೆ ಎಕ್ಸ್‌ಪೋಷರ್ +0.5ರಿಂದ +1 ಕೊಟ್ಟು ನೋಡಿ. ಎಷ್ಟೋ ಸಲ ಅಲ್ಲಿಗೇ ಮುಖಕ್ಕೆ ಕಳೆ ಬರುತ್ತದೆ.

ಹಿಸ್ಟೋಗ್ರಾಮ್ ಮೇಲೆ, ಅಂದರೆ ಫೋಟೊದಲ್ಲಿ ಕತ್ತಲು ಎಷ್ಟು, ಬೆಳಕು ಎಷ್ಟು ಅಂತ ತೋರಿಸುವ ಗ್ರಾಫ್ ಮೇಲೆ, ಒಂದು ಕಣ್ಣಿರಲಿ. ಎಡಗಡೆ ಕತ್ತಲು, ಬಲಗಡೆ ಬೆಳಕು. ಗ್ರಾಫ್‌ನ ಗುಡ್ಡದಂಥ ಆಕಾರ ಬಲಗೋಡೆಗೆ ಬಡಿದು ನಿಂತಿದ್ದರೆ ಮೋಡದ ವಿವರ ಹೋಗಿದೆ ಅಂತ ಅರ್ಥ. ಎಡಗೋಡೆಗೆ ಬಡಿದಿದ್ದರೆ ನೆರಳು ಪೂರ್ತಿ ಕಪ್ಪು. ಮಂಜಿನ ಫೋಟೊದಲ್ಲಿ ಆಕಾರ ನಡುವಿನಿಂದ ಬಲಕ್ಕೆ ಇರುವುದು, ಎಡ ಖಾಲಿ ಇರುವುದು ಸಹಜ. ಅದನ್ನು ಗೋಡೆಯಿಂದ ಗೋಡೆಗೆ ಎಳೆದು ತುಂಬಿಸಬೇಕು ಅಂತ ಕೆಲವರು ಹೇಳಿಕೊಡುತ್ತಾರೆ. ಮಂಜಿನ ಮಟ್ಟಿಗೆ ಆ ಮಾತು ಕೇಳಬೇಡಿ. ಮಂಜಿನಲ್ಲಿ ಕಡುಕಪ್ಪು ಇರುವುದೇ ಇಲ್ಲ.

ಹೆಜ್ಜೆ 2: ವೈಟ್ ಬ್ಯಾಲೆನ್ಸ್

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಬಣ್ಣದ ಮುಕ್ಕಾಲು ಕೆಲಸ ಇಲ್ಲೇ ಮುಗಿಯುತ್ತದೆ.

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಮೇಣದಬತ್ತಿಯ ಜ್ವಾಲೆ ಸುಮಾರು 1,900. ಆಗತಾನೇ ಹುಟ್ಟಿದ ಸೂರ್ಯನ ಬೆಳಕು 3,000ದ ಆಸುಪಾಸು. ನಡುಹಗಲಿನ ಬಿಸಿಲು 5,200ರಿಂದ 5,500. ಮೋಡ ಕವಿದ ಆಕಾಶ 6,000ದಿಂದ 6,500. ಬಿಸಿಲಿನ ದಿನದ ನೆರಳು 7,000ದಿಂದ 8,000, ಯಾಕೆಂದರೆ ನೆರಳಿಗೆ ಬೆಳಕು ಕೊಡುವುದು ಸೂರ್ಯ ಅಲ್ಲ, ನೀಲಿ ಆಕಾಶ. ಸಂಖ್ಯೆ ಏರಿದಷ್ಟೂ ಬೆಳಕು ನೀಲಿ.

ಟೆಂಪರೇಚರ್ ಸ್ಲೈಡರ್ ಇದಕ್ಕೆ ಉಲ್ಟಾ ಕಾಣುತ್ತದೆ, ಹೊಸಬರು ಗಲಿಬಿಲಿಯಾಗುವುದು ಇಲ್ಲೇ. ಸ್ಲೈಡರನ್ನು 7,000ಕ್ಕೆ ಒಯ್ದರೆ "ಅಲ್ಲಿ ಬೆಳಕು ಇಷ್ಟು ನೀಲಿ ಇತ್ತು" ಅಂತ ಸಾಫ್ಟ್‌ವೇರ್‌ಗೆ ಹೇಳಿದ ಹಾಗೆ. ಅದು ನೀಲಿಯನ್ನು ತೂಗಲು ಹಳದಿ ಸೇರಿಸುತ್ತದೆ. ಫೋಟೊ ಬೆಚ್ಚಗಾಗುತ್ತದೆ. ಪಕ್ಕದ ಟಿಂಟ್ ಸ್ಲೈಡರ್ ಹಸಿರು ಮತ್ತು ಮೆಜೆಂಟಾ ನಡುವಿನದು. ದಟ್ಟ ಕಾಡಿನ ಒಳಗೆ ಎಲೆಗಳ ಮೂಲಕ ಸೋಸಿ ಬಂದ ಬೆಳಕು ಹಸಿರಾಗಿರುತ್ತದೆ. ಅಲ್ಲಿ ತೆಗೆದ ಫೋಟೊಗೆ ಟಿಂಟನ್ನು +10ರಿಂದ +20 ಮೆಜೆಂಟಾ ಕಡೆ ಸರಿಸಿದರೆ ಮರದ ಕಾಂಡ ಮರದ ಬಣ್ಣಕ್ಕೆ ಬರುತ್ತದೆ. ಎಲೆ ನೋಡಿ ಟಿಂಟ್ ಸರಿಪಡಿಸಬೇಡಿ, ಕಾಂಡ ನೋಡಿ. ಕಲ್ಲು, ಮಣ್ಣಿನ ದಾರಿ ಇದ್ದರೆ ಇನ್ನೂ ವಾಸಿ.

ಐಡ್ರಾಪರ್ ಉಪಕರಣ ಒಂದಿದೆ, ಬೂದುಬಣ್ಣದ ಜಾಗದ ಮೇಲೆ ಒತ್ತಿದರೆ ಎಲ್ಲ ತಾನೇ ಸರಿಯಾಗುತ್ತದೆ ಅನ್ನುತ್ತಾರೆ. ನೆರಳಿನಲ್ಲಿ ಇಟ್ಟ ಪಾತ್ರೆಯ ಫೋಟೊಗೆ ಅದು ಸರಿ. ಲ್ಯಾಂಡ್‌ಸ್ಕೇಪ್‌ನಲ್ಲಿ ಅದು ಮೋಸ ಮಾಡುವುದೇ ಜಾಸ್ತಿ. ಹಂಪಿಯ ಉದಾಹರಣೆ ಹೇಳುತ್ತೇನೆ.

ಮಾತಂಗ ಬೆಟ್ಟದ ಮೇಲೆ ಕತ್ತಲಿರುವಾಗಲೇ ಹತ್ತಿ ಕೂತರೆ, ಕೆಳಗೆ ಅಚ್ಯುತರಾಯ ದೇವಸ್ಥಾನದ ಪ್ರಾಕಾರ, ಸುತ್ತ ಬಂಡೆಗಳ ರಾಶಿ, ಆಚೆ ಬಾಳೆತೋಟ, ತುಂಗಭದ್ರೆ. ಸೂರ್ಯ ಬಂದ ಕೂಡಲೇ ಬಂಡೆಗಳ ಒಂದು ಮಗ್ಗುಲು ಅರಿಶಿನ ಬಳಿದ ಹಾಗೆ ಆಗುತ್ತದೆ, ಇನ್ನೊಂದು ಮಗ್ಗುಲು ತಣ್ಣಗೆ ನೀಲಿನೆರಳಲ್ಲೇ ಇರುತ್ತದೆ. ಈ ಫೋಟೊದಲ್ಲಿ ಬಂಡೆ ಬೂದು ತಾನೇ ಅಂತ ಐಡ್ರಾಪರನ್ನು ಬಿಸಿಲು ಬಿದ್ದ ಬಂಡೆ ಮೇಲೆ ಒತ್ತಿದೆ ಅನ್ನಿ. ಸಾಫ್ಟ್‌ವೇರ್ ಆ ಬಂಗಾರವನ್ನೆಲ್ಲ ದೋಷ ಅಂತ ತಿಳಿದು ಒರೆಸಿಹಾಕುತ್ತದೆ. ಬಂಡೆ ಬೂದಾಗುತ್ತದೆ, ನೆರಳು ಕಡುನೀಲಿಯಾಗುತ್ತದೆ, ಬೆಳಗ್ಗೆ ಆರೂವರೆಯ ಹಂಪಿ ಯಾವುದೋ ಚಳಿದೇಶದ ಹಾಗೆ ಕಾಣುತ್ತದೆ. ಹಂಪಿಯ ಗ್ರಾನೈಟ್‌ಗೆ ತನ್ನದೇ ಆದ ಗುಲಾಬಿ, ಕಂದು ಛಾಯೆ ಬೇರೆ ಇದೆ. ನೆರಳಿನ ಬಂಡೆ ಮೇಲೆ ಒತ್ತಿದರೆ ತದ್ವಿರುದ್ಧ, ಇಡೀ ಊರಿಗೇ ಕಿತ್ತಳೆ ರಸ ಸುರಿದ ಹಾಗೆ.

ಹಾಗಾದರೆ ಏನು ಮಾಡಬೇಕು? ಎಳೆಬಿಸಿಲು, ಇಳಿಬಿಸಿಲಿನ ಫೋಟೊಗಳಿಗೆ ನಾನು 5,000ದಿಂದ 5,500ರ ನಡುವೆ ಶುರು ಮಾಡುತ್ತೇನೆ, ಅಂದರೆ ನಡುಹಗಲಿನ ಅಳತೆಯಲ್ಲಿ. ಬೆಳಗ್ಗೆ ಬೆಳಕು 3,000 ಇತ್ತು ಅಂತ ಸ್ಲೈಡರನ್ನೂ 3,000ಕ್ಕೆ ಒಯ್ದರೆ ಬೆಳಗೇ ಉಳಿಯುವುದಿಲ್ಲ. ಹಂಪಿಯ ಆ ಫೋಟೊದಲ್ಲಿ ಕ್ಯಾಮೆರಾ ಆಟೊದಲ್ಲಿ 4,600 ಇಟ್ಟಿತ್ತು, ನಾನು 5,400ಕ್ಕೆ ಏರಿಸಿದೆ, ಟಿಂಟ್ +6. ಆಮೇಲೆ ಒಂದೇ ಪರೀಕ್ಷೆ: ಬಿಸಿಲು ಬಿದ್ದ ಕಲ್ಲು ಬೆಚ್ಚಗೆ, ನೆರಳಿನ ಕಲ್ಲು ತಣ್ಣಗೆ, ಎರಡೂ ಒಂದೇ ಕಲ್ಲು ಅಂತ ಅನ್ನಿಸುತ್ತಿದೆಯಾ? ಅನ್ನಿಸಿದರೆ ಸರಿ.

ಮಬ್ಬಿನ ಫೋಟೊಗೆ 6,000ದಿಂದ ಶುರು ಮಾಡಿ. ನನ್ನ ಕುದುರೆಮುಖದ ಫೋಟೊ 5,900ರಲ್ಲಿ ನಿಂತಿತು. ಅದಕ್ಕಿಂತ ಮೇಲೆ ಹೋದಾಗ ಮಂಜು ಹಳದಿಯಾಗಿ, ಹೊಗೆಯ ಹಾಗೆ ಕಾಣತೊಡಗಿತು. ಜೋಗದಂಥ ಜಲಪಾತಕ್ಕೆ ನೀರನ್ನೇ ಅಳತೆಗೋಲು ಮಾಡಿಕೊಳ್ಳಿ. ನೆರಳಿನಲ್ಲಿ ಬೀಳುವ ನೀರಿನಲ್ಲಿ ಒಂದು ಚೂರು ನೀಲಿ ಉಳಿಯಲಿ. ಮಳೆಗಾಲದ ಕೆನ್ನೀರನ್ನು ಮಾತ್ರ ಬಿಳಿ ಮಾಡಲು ಹೋಗಬೇಡಿ, ಶರಾವತಿ ತುಂಬಿ ಬಂದಾಗ ಇರುವ ಬಣ್ಣವೇ ಅದು.

ಸ್ಲೈಡರ್ ಸರಿಯಾದ ಜಾಗ ಹುಡುಕಲು ಒಂದು ಉಪಾಯ ಇದೆ. ಮೊದಲು ಅತಿಯಾಗಿ ಹಳದಿ ಕಡೆ ಒಯ್ಯಿರಿ, ಆಮೇಲೆ ಅತಿಯಾಗಿ ನೀಲಿ ಕಡೆ. ಹಾಗೆ ಆಚೆ ಈಚೆ ತೂಗುತ್ತಾ ತೂಗುವ ಅಂತರ ಕಮ್ಮಿ ಮಾಡುತ್ತಾ ಬನ್ನಿ. ಕಣ್ಣು ಒಂದೇ ಬಣ್ಣಕ್ಕೆ ಒಗ್ಗಿಹೋಗುವ ಮುಂಚೆ ಕೆಲಸ ಮುಗಿಯುತ್ತದೆ. ವೈಟ್ ಬ್ಯಾಲೆನ್ಸ್ ಆದ ಮೇಲೆ ಹಿಸ್ಟೋಗ್ರಾಮ್ ಇನ್ನೊಮ್ಮೆ ನೋಡಿ. ಬೆಚ್ಚಗೆ ಮಾಡಿದಾಗ ಕೆಂಪು ಚಾನೆಲ್ ಏರಿ ಬಲಗೋಡೆಗೆ ಬಡಿಯುವುದುಂಟು, ಸೂರ್ಯನ ಸುತ್ತ ಬಣ್ಣ ಒಡೆದ ಹಾಗೆ ಕಾಣುವುದು ಅದಕ್ಕೇ.

ಇನ್ನೊಂದು ಮಾತು, ಇದು ಫೋಟೊ ತೆಗೆಯುವಾಗಿನದು. ಆಟೊ ವೈಟ್ ಬ್ಯಾಲೆನ್ಸ್ ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತದೆ. ಕ್ಯಾಮೆರಾವನ್ನು ಡೇಲೈಟ್‌ನಲ್ಲಿ ಕಟ್ಟಿಹಾಕಿದರೆ ಒಂದು ಬೆಳಗಿನ ಎಲ್ಲ ಫೋಟೊಗಳೂ ಒಂದೇ ತಳಹದಿಯಲ್ಲಿ ಇರುತ್ತವೆ. ಪನೋರಮಾ ಜೋಡಿಸುವವರಿಗಂತೂ ಇದು ಬೇಕೇ ಬೇಕು. ನಮ್ಮ ಕಡೆ ಈ ಬೆಳಕು ಬಹಳ ಹೊತ್ತು ಕಾಯುವುದೂ ಇಲ್ಲ. ಕರ್ನಾಟಕ ಸಮಭಾಜಕಕ್ಕೆ ಹತ್ತಿರ, ಸೂರ್ಯ ಹೆಚ್ಚುಕಮ್ಮಿ ನೆಟ್ಟಗೆ ಮೇಲೆ ಏರುತ್ತಾನೆ. ಹುಟ್ಟಿದ ಸೂರ್ಯ 6 ಡಿಗ್ರಿ ಮೇಲೆ ಬರಲು ಸುಮಾರು 25 ನಿಮಿಷ ಸಾಕು. ನಾರ್ವೆಯಲ್ಲೋ ಸ್ಕಾಟ್‌ಲೆಂಡ್‌ನಲ್ಲೋ ಇರುವ ನಮ್ಮವರಿಗೆ ಅದೇ ಬೆಳಕು ಗಂಟೆಗಟ್ಟಲೆ ಸಿಗುತ್ತದೆ. ಅಲ್ಲಿನ ಫೋಟೊಗಳನ್ನು ನೋಡಿ ಅದೇ ಬಣ್ಣವನ್ನು ಹಂಪಿಯ ಹತ್ತು ಗಂಟೆಯ ಬಿಸಿಲಿಗೆ ಬಳಿದರೆ ಕೂಡುವುದಿಲ್ಲ. ನೆರಳು ಗಿಡ್ಡ, ಬಣ್ಣ ಬಂಗಾರ, ನೋಡುವವರ ಕಣ್ಣಿಗೆ ಏನೋ ತಪ್ಪಿದೆ ಅಂತ ತಟ್ಟನೆ ಗೊತ್ತಾಗುತ್ತದೆ.

ಹೆಜ್ಜೆ 3: ಹೈಲೈಟ್ಸ್, ಶ್ಯಾಡೋಸ್, ವೈಟ್ಸ್, ಬ್ಲ್ಯಾಕ್ಸ್

ಹೈಲೈಟ್ಸ್ ಇಳಿಸಿ, ಮೋಡದ ಮಡಿಕೆಗಳು ಕಾಣುವ ತನಕ. -30ರಿಂದ -60 ಸಾಮಾನ್ಯ. ಶ್ಯಾಡೋಸ್ ಏರಿಸಿ, ಕಾಡಿನೊಳಗೆ ಮರ ಮರ ಬೇರೆಯಾಗಿ ಕಾಣುವ ತನಕ. +15ರಿಂದ +35 ಸಾಕು. ವೈಟ್ಸ್, ಬ್ಲ್ಯಾಕ್ಸ್ ಎಳೆಯುವಾಗ ಆಲ್ಟ್ ಕೀ ಒತ್ತಿ ಹಿಡಿಯಿರಿ. ಪರದೆಯಲ್ಲಿ ಎಲ್ಲಿ ವಿವರ ಕಳೆದುಹೋಗುತ್ತಿದೆ ಅನ್ನುವುದು ಚುಕ್ಕೆಚುಕ್ಕೆಯಾಗಿ ತೋರುತ್ತದೆ. ಮೊದಲ ಚುಕ್ಕೆ ಕಂಡ ಕೂಡಲೇ ಸ್ವಲ್ಪ ಹಿಂದೆ ಬನ್ನಿ.

ಹೈಲೈಟ್ಸ್ -100, ಶ್ಯಾಡೋಸ್ +100 ಮಾಡುವ ಅಭ್ಯಾಸ ಬಹಳ ಜನರಿಗಿದೆ. ಎಲ್ಲ ಕಡೆ ಎಲ್ಲವೂ ಕಾಣುತ್ತದೆ, ನಿಜ. ಆದರೆ ಬೆಳಕು ಯಾವ ಕಡೆಯಿಂದ ಬಂತು ಅನ್ನುವುದೇ ಮರೆಯಾಗುತ್ತದೆ. ಶೋಲಾ ಕಾಡಿನ ಒಳಗೆ ಕತ್ತಲು ಇದ್ದೇ ಇರುತ್ತದೆ. ಅದನ್ನು ಬೆಳಗಿಸಿದರೆ ಅದರ ದಟ್ಟತನ ಹೋಗಿ ತೋಟದ ಹಾಗೆ ಆಗುತ್ತದೆ. ನೆರಳನ್ನು ಎತ್ತುವಾಗ ಚಿತ್ರದಲ್ಲಿ ಒಂದೆರಡು ಕಡೆಯಾದರೂ ನಿಜವಾದ ಕಪ್ಪು ಉಳಿಸಿ, ಬಿಸಿಲಿನ ಚಿತ್ರವಾದರೆ.

ಆಮೇಲೆ ಟೋನ್ ಕರ್ವ್, ಕತ್ತಲು ಬೆಳಕನ್ನು ಗೆರೆ ಬಗ್ಗಿಸಿ ತಿದ್ದುವ ಉಪಕರಣ. ನಡುವೆ ಒಂದು ಚುಕ್ಕೆ ಇಟ್ಟು, ಕೆಳಭಾಗವನ್ನು ಒಂದು ಕೂದಲೆಳೆ ಇಳಿಸಿ, ಮೇಲ್ಭಾಗವನ್ನು ಒಂದು ಕೂದಲೆಳೆ ಏರಿಸಿ. ಕಾಂಟ್ರಾಸ್ಟ್ ಸ್ಲೈಡರ್‌ಗಿಂತ ಇದು ಹಿಡಿತಕ್ಕೆ ಸಿಗುತ್ತದೆ.

ಹೆಜ್ಜೆ 4: ಹಸಿರು

ಮಲೆನಾಡಿನ ಫೋಟೊಗಳು ಕೆಡುವುದು ಹಸಿರಿನಲ್ಲಿ. ಹಾಗಾಗಿ ಇದಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡುತ್ತೇನೆ.

ನಮ್ಮ ಕಣ್ಣಿಗೆ ಹಸಿರಿನ ಮೇಲೆ ಹಿಡಿತ ಜಾಸ್ತಿ. 1976ರಲ್ಲಿ ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಪೇಟೆಂಟ್ ಪಡೆದ ಫಿಲ್ಟರ್ ವಿನ್ಯಾಸವೇ ಇವತ್ತಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿದೆ. ಅದರಲ್ಲಿ ಒಂದು ಕೆಂಪು, ಒಂದು ನೀಲಿ ಇದ್ದರೆ ಎರಡು ಹಸಿರು ಇರುತ್ತವೆ. ಕಣ್ಣಿನ ಈ ಗುಣವನ್ನು ನೋಡಿಯೇ ಮಾಡಿದ್ದು. ಹಸಿರು ಒಂದು ಚೂರು ತಪ್ಪಿದರೂ ನೋಡುವವರಿಗೆ ಗೊತ್ತಾಗುತ್ತದೆ, ಯಾಕೆ ಅಂತ ಅವರಿಗೆ ಹೇಳಲು ಬರದಿದ್ದರೂ.

ಕುದುರೆಮುಖದ ಫೋಟೊವನ್ನು ದೊಡ್ಡದು ಮಾಡಿ ಹತ್ತಿರದಿಂದ ನೋಡಿ. ಎದುರಿನ ಹುಲ್ಲು ಹಳದಿ ಕಡೆ ವಾಲಿದೆ. ಒದ್ದೆ ಬಂಡೆಯ ಮೇಲಿನ ಪಾಚಿ ಇನ್ನೂ ಹಳದಿ, ಹೊಳೆಯುವಂಥದ್ದು. ಕಾಡಿನ ಹಳೆಯ ಎಲೆ ಕಪ್ಪುಹಸಿರು, ನಡುವೆ ಚಿಗುರಿದ ಮರ ತಾಮ್ರದ ಬಣ್ಣ. ಆಚೆಯ ಗುಡ್ಡದ ಹುಲ್ಲು ಇದೇ ಹುಲ್ಲು, ಆದರೆ ನಡುವಿನ ಗಾಳಿ ಅದಕ್ಕೆ ನೀಲಿಬೂದು ಸೇರಿಸಿದೆ. ಒಂದೇ ಚಿತ್ರದಲ್ಲಿ ಐದು ಹಸಿರು. ಸ್ಯಾಚುರೇಷನ್ ಎಳೆದಾಗ ಈ ಐದೂ ಒಂದೇ ಹಸಿರಾಗುತ್ತವೆ. ಹಾಳಾಗುವುದು ಅಲ್ಲೇ.

ಎಚ್‌ಎಸ್‌ಎಲ್ ಅಥವಾ ಕಲರ್ ಮಿಕ್ಸರ್ ತೆರೆಯಿರಿ. ಒಂದೊಂದು ಬಣ್ಣಕ್ಕೂ ಹ್ಯೂ (ಛಾಯೆ), ಸ್ಯಾಚುರೇಷನ್ (ಗಾಢತೆ), ಲುಮಿನನ್ಸ್ (ಹೊಳಪು) ಬೇರೆ ಬೇರೆ ತಿದ್ದುವ ಜಾಗ ಇದು. ನಾವು ಹಸಿರು ಅನ್ನುವ ಹುಲ್ಲಿನ ಬಹುಭಾಗ ಸಾಫ್ಟ್‌ವೇರ್ ಲೆಕ್ಕದಲ್ಲಿ ಹಳದಿ. ಯೆಲ್ಲೊ ಸ್ಲೈಡರ್ ಆಡಿಸಿ ನೋಡಿ, ಇಡೀ ಗುಡ್ಡ ಬದಲಾಗುತ್ತದೆ. ನನ್ನ ಕ್ರಮ ಹೀಗೆ. ಗ್ರೀನ್ ಹ್ಯೂ -8ರಿಂದ -15, ಅಂದರೆ ಹಳದಿ ಕಡೆಗೆ. ಡಿಜಿಟಲ್ ಹಸಿರಿನ ಆ ನೀಲಿ ಛಾಯೆ ಇಲ್ಲಿ ಹೋಗುತ್ತದೆ. ಗ್ರೀನ್ ಸ್ಯಾಚುರೇಷನ್ -10ರಿಂದ -20. ಹೌದು, ಇಳಿಸುವುದೇ. ಇಳಿಸಿದ ಮೇಲೆ ಗ್ರೀನ್ ಲುಮಿನನ್ಸ್ -10 ಮಾಡಿ. ಬಣ್ಣ ಕಮ್ಮಿ, ಆದರೆ ತೂಕ ಜಾಸ್ತಿ. ಮಳೆಯಲ್ಲಿ ನೆನೆದ ಕಾಡು ಹಾಗೇ ಇರುತ್ತದೆ, ಅಲ್ವಾ? ಯೆಲ್ಲೊ ಲುಮಿನನ್ಸ್ ಮಾತ್ರ +10 ಏರಿಸಿ, ಎದುರಿನ ಹುಲ್ಲು, ಪಾಚಿ ಎದ್ದು ಬರುತ್ತವೆ. ಈಗ ಕಾಡು ಹಿಂದೆ ಸರಿಯಿತು, ಹುಲ್ಲು ಮುಂದೆ ಬಂತು. ಎರಡರ ನಡುವೆ ಜಾಗ ಹುಟ್ಟಿತು.

ಇಷ್ಟಾದ ಮೇಲೂ ಬಣ್ಣ ಬೇಕು ಅನ್ನಿಸಿದರೆ ವೈಬ್ರೆನ್ಸ್ +8, +10. ಅದು ಮಂಕಾದ ಬಣ್ಣಗಳನ್ನು ಮೊದಲು ಎತ್ತುತ್ತದೆ, ಈಗಾಗಲೇ ಗಾಢ ಇರುವುದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಒಟ್ಟು ಸ್ಯಾಚುರೇಷನ್ ಸ್ಲೈಡರನ್ನು ನಾನು ಲ್ಯಾಂಡ್‌ಸ್ಕೇಪ್‌ಗೆ ಮುಟ್ಟುವುದೇ ಅಪರೂಪ.

ಕೆಮ್ಮಣ್ಣಿನ ದಾರಿ, ಮುರಕಲ್ಲಿನ ಗೋಡೆ ಚಿತ್ರದಲ್ಲಿದ್ದರೆ ಆರೆಂಜ್ ಸ್ಯಾಚುರೇಷನ್ ನೋಡಿಕೊಳ್ಳಿ. ವೈಟ್ ಬ್ಯಾಲೆನ್ಸ್ ಬೆಚ್ಚಗೆ ಮಾಡಿದಾಗ ಅದು ಇಟ್ಟಿಗೆಗೂಡಿನ ಬೆಂಕಿಯಾಗಿರುತ್ತದೆ. ಒದ್ದೆ ಮಣ್ಣು ಕೆಂಪಾದರೂ ಕತ್ತಲು ಬಣ್ಣದ್ದು.

ಹೆಜ್ಜೆ 5: ಆಕಾಶ ಬೇರೆ, ನೆಲ ಬೇರೆ

ಆಕಾಶಕ್ಕೂ ನೆಲಕ್ಕೂ ಒಂದೇ ಅಳತೆ ಕೂಡುವುದಿಲ್ಲ. ತಿದ್ದುವಿಕೆಯನ್ನು ಒಂದು ಕಡೆಯಿಂದ ಮೆಲ್ಲಗೆ ಕಮ್ಮಿ ಮಾಡುತ್ತಾ ಹೋಗುವ ಲೀನಿಯರ್ ಗ್ರೇಡಿಯೆಂಟ್ ಹಾಕಿ, ಮೇಲಿನಿಂದ ಬೆಟ್ಟದ ಅಂಚಿನ ತನಕ ಎಳೆಯಿರಿ. ಎಕ್ಸ್‌ಪೋಷರ್ -0.3ರಿಂದ -0.6, ಹೈಲೈಟ್ಸ್ ಇನ್ನೊಂದಿಷ್ಟು ಕೆಳಗೆ. ಈಗಿನ ಲೈಟ್‌ರೂಮ್ ಆಕಾಶವನ್ನು ತಾನೇ ಗುರುತಿಸಿಕೊಡುತ್ತದೆ. ಅದು ಚೆನ್ನಾಗಿದೆ, ಆದರೆ ಮಂಜು ಮತ್ತು ಬೆಟ್ಟ ಬೆರೆಯುವ ಕಡೆ ಗೆರೆ ಕೊಯ್ದ ಹಾಗೆ ಅಂಚು ಬರುತ್ತದೆ. ಅಂಥ ಫೋಟೊಗೆ ಹಳೆಯ ಗ್ರೇಡಿಯೆಂಟೇ ಮೇಲು. ಸ್ನ್ಯಾಪ್‌ಸೀಡ್‌ನಲ್ಲಾದರೆ ಸೆಲೆಕ್ಟಿವ್ ಉಪಕರಣದ ಒಂದು ಚುಕ್ಕೆಯನ್ನು ಮೋಡದ ಮೇಲೆ ಇಟ್ಟು, ಅದರ ಹರವು ಹಿಗ್ಗಿಸಿ ಬ್ರೈಟ್‌ನೆಸ್ ಇಳಿಸಿ.

ಕೆರೆ, ಹೊಳೆ ಇದ್ದರೆ ನೀರಿನ ಪ್ರತಿಬಿಂಬ ನೋಡಿ. ನೀರಿನಲ್ಲಿ ಕಾಣುವ ಆಕಾಶ ಮೇಲಿನ ಆಕಾಶಕ್ಕಿಂತ ಯಾವಾಗಲೂ ಸ್ವಲ್ಪ ಕತ್ತಲು. ನಿಮ್ಮ ಚಿತ್ರದಲ್ಲಿ ಪ್ರತಿಬಿಂಬವೇ ಹೆಚ್ಚು ಬೆಳ್ಳಗಿದ್ದರೆ ಆಕಾಶವನ್ನು ಜಾಸ್ತಿ ಇಳಿಸಿದ್ದೀರಿ.

ಮಂಜು, ಮಸುಕು ತೆಗೆಯುವ ಡಿಹೇಜ್ ಸ್ಲೈಡರ್ ಬಗ್ಗೆ ಗಟ್ಟಿಯಾಗಿಯೇ ಹೇಳುತ್ತೇನೆ. ಮಂಜನ್ನು ಓಡಿಸಬೇಡಿ. ದೂರದ ಬೆಟ್ಟ ಒಂದರ ಹಿಂದೆ ಒಂದು ತೆಳುವಾಗುತ್ತಾ, ನೀಲಿಯಾಗುತ್ತಾ ಹೋಗುವುದರಿಂದಲೇ ಕಣ್ಣಿಗೆ ದೂರ ಗೊತ್ತಾಗುವುದು. ಗಾಳಿಯ ಕಣಗಳು ನೀಲಿ ಬೆಳಕನ್ನು ಹೆಚ್ಚಾಗಿ ಚೆದುರಿಸುತ್ತವೆ, ಆ ಚೆದುರಿದ ನೀಲಿ ನಮಗೂ ಬೆಟ್ಟಕ್ಕೂ ನಡುವೆ ತುಂಬಿಕೊಳ್ಳುತ್ತದೆ. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್ ಎತ್ತರ. ಅಲ್ಲಿ ನಿಂತು ನೋಡಿದರೆ ಆರೇಳು ಸಾಲು ಬೆಟ್ಟ ಹೀಗೆ ಮಾಸುತ್ತಾ ಹೋಗುತ್ತವೆ. ಡಿಹೇಜ್ +40 ಎಳೆದರೆ ಅಷ್ಟೂ ಸಾಲು ಒಂದೇ ಗೋಡೆಗೆ ಅಂಟಿಸಿದ ಹಾಗೆ ಆಗುತ್ತವೆ. ಬೇಕಿದ್ದರೆ ಹತ್ತಿರದ ಬೆಟ್ಟಕ್ಕೆ ಮಾತ್ರ ಮಾಸ್ಕ್ ಹಾಕಿ (ಆ ಭಾಗವನ್ನಷ್ಟೇ ಆರಿಸಿ) +8 ಕೊಡಿ. ದೂರದ್ದಕ್ಕೆ ನಾನು -5 ಕೊಡುವುದೂ ಉಂಟು.

ಆಕಾಶದ ನೀಲಿಯನ್ನು ಗಾಢ ಮಾಡಲು ಬ್ಲೂ ಲುಮಿನನ್ಸ್ ತುಂಬಾ ಇಳಿಸಿದರೆ ಮರಳು ಚೆಲ್ಲಿದ ಹಾಗೆ ನಾಯ್ಸ್ ಬರುತ್ತದೆ, ಜೆಪೆಗ್‌ನಲ್ಲಿ ಪಟ್ಟೆಪಟ್ಟೆ ಕಾಣುತ್ತದೆ. -15 ದಾಟಬೇಡಿ.

ಹೆಜ್ಜೆ 6: ನೆರಳಿನ ನೀಲಿ, ಬಿಸಿಲಿನ ಹಳದಿ

ವೈಟ್ ಬ್ಯಾಲೆನ್ಸ್ ಇಡೀ ಚಿತ್ರಕ್ಕೆ ಒಂದೇ ಸಲ ಕೆಲಸ ಮಾಡುತ್ತದೆ. ಕಲರ್ ಬ್ಯಾಲೆನ್ಸ್ ಅನ್ನುವುದು ನೆರಳಿಗೆ ಬೇರೆ, ನಡುಬೆಳಕಿಗೆ ಬೇರೆ, ಬಿಸಿಲಿಗೆ ಬೇರೆ ಮಾಡುವ ತೂಕ. ಗಿಂಪ್, ಫೋಟೊಶಾಪ್ ಎರಡರಲ್ಲೂ ಇದೇ ಹೆಸರಿನಲ್ಲಿ ಇದೆ. ಮೂರು ಸ್ಲೈಡರ್: ಸಯಾನ್-ಕೆಂಪು, ಮೆಜೆಂಟಾ-ಹಸಿರು, ಹಳದಿ-ನೀಲಿ. ಶ್ಯಾಡೋಸ್ ಆರಿಸಿ ನೀಲಿ ಕಡೆ +3, +4. ಹೈಲೈಟ್ಸ್ ಆರಿಸಿ ಹಳದಿ ಕಡೆ -4, ಕೆಂಪು ಕಡೆ +2. ಪ್ರಿಸರ್ವ್ ಲುಮಿನಾಸಿಟಿ ಟಿಕ್ ಇರಲಿ, ಇಲ್ಲದಿದ್ದರೆ ಬಣ್ಣದ ಜೊತೆ ಬೆಳಕೂ ಅಲುಗಾಡುತ್ತದೆ.

ಲೈಟ್‌ರೂಮ್‌ನಲ್ಲಿ ಇದು ಕಲರ್ ಗ್ರೇಡಿಂಗ್ ಚಕ್ರ. ಶ್ಯಾಡೋಸ್‌ಗೆ ಹ್ಯೂ 220, ಸ್ಯಾಚುರೇಷನ್ 5. ಹೈಲೈಟ್ಸ್‌ಗೆ ಹ್ಯೂ 42, ಸ್ಯಾಚುರೇಷನ್ 6. ಡಾರ್ಕ್‌ಟೇಬಲ್‌ನಲ್ಲಿ ಕಲರ್ ಬ್ಯಾಲೆನ್ಸ್ ಆರ್‌ಜಿಬಿ. ಹಂಪಿಯ ಫೋಟೊಗೆ ಇಷ್ಟು ಕೊಟ್ಟಾಗ ಪ್ರಾಕಾರದ ಗೋಡೆಯಲ್ಲಿ ಬಿಸಿಲು ಬಿದ್ದ ಮಗ್ಗುಲು, ನೆರಳಿನ ಮಗ್ಗುಲು ಎರಡೂ ಸ್ಪಷ್ಟವಾಗಿ ಬೇರೆಯಾದವು. ಕುದುರೆಮುಖದ ಫೋಟೊಗೆ ಇದನ್ನು ಮಾಡಲೇ ಇಲ್ಲ. ಅಲ್ಲಿ ಬಿಸಿಲೇ ಇರಲಿಲ್ಲ, ಬಿಸಿಲಿನ ಹಳದಿಯನ್ನು ಎಲ್ಲಿಂದ ತರುವುದು?

ಕಣ್ಣಿಗೆ ಗೊತ್ತಾಗುವಷ್ಟು ಹಾಕಿದರೆ ಅದು ಜಾಸ್ತಿಯಾಯಿತು ಅಂತಲೇ. ಆಫ್ ಮಾಡಿದಾಗ ಏನೋ ಕಳೆದುಹೋಯಿತು ಅನ್ನಿಸಬೇಕು, ಆನ್ ಇದ್ದಾಗ ಕಾಣಬಾರದು.

ಹೆಜ್ಜೆ 7: ಎದ್ದು ಹೋಗಿ

ಇಲ್ಲಿ ಒಂದು ವಿರಾಮ ತೆಗೆದುಕೊಳ್ಳಿ. ಅರ್ಧ ಗಂಟೆ ಒಂದೇ ಚಿತ್ರ ನೋಡಿದ ಕಣ್ಣು ಅದರ ತಪ್ಪಿಗೆ ಒಗ್ಗಿಹೋಗಿರುತ್ತದೆ. ಹೊರಗೆ ಹೋಗಿ ನಿಜವಾದ ಮರ ನೋಡಿ ಬನ್ನಿ. ಮರುದಿನ ಬೆಳಗ್ಗೆ ನೋಡಿದರೆ ಇನ್ನೂ ಒಳ್ಳೆಯದು. ಬಂದ ಮೇಲೆ ಮೂಲ ಫೋಟೊ ಮತ್ತು ಎಡಿಟ್ ಆದದ್ದನ್ನು ಪಕ್ಕಪಕ್ಕ ಇಟ್ಟು, ಆಮೇಲೆ ನಿಮ್ಮ ಆ ಎರಡು ಸಾಲಿನ ಟಿಪ್ಪಣಿ ಓದಿ. ನಾನು ಹೀಗೆ ನೋಡಿದಾಗ ಹೆಚ್ಚಿನ ಸಲ ಎಲ್ಲ ಸ್ಲೈಡರ್‌ಗಳನ್ನೂ ಕಾಲು ಭಾಗ ಹಿಂದಕ್ಕೆ ಎಳೆಯುತ್ತೇನೆ. ಕುದುರೆಮುಖದ ಚಿತ್ರದಲ್ಲಿ "ಮಂಜು ಹಾಲಿನ ಥರ" ಅಂತ ಬರೆದಿದ್ದೆ, ಪರದೆಯಲ್ಲಿ ಅದು ಒಂದು ಚೂರು ಗುಲಾಬಿ ಕಡೆ ಹೋಗಿತ್ತು. ಟಿಂಟ್ ಎರಡು ಅಂಕ ಇಳಿಸಿದ ಮೇಲೆ ಸರಿಹೋಯಿತು.

ಫೋಟೊವನ್ನು ಹೊರಗೆ ಕೊಡುವಾಗ (ಎಕ್ಸ್‌ಪೋರ್ಟ್) ಬಣ್ಣದ ವ್ಯಾಪ್ತಿ (ಕಲರ್ ಸ್ಪೇಸ್) ಎಸ್‌ಆರ್‌ಜಿಬಿ ಆರಿಸಿ, ಜೆಪೆಗ್ ಗುಣಮಟ್ಟ 80ರಿಂದ 90. ಅಡೋಬ್ ಆರ್‌ಜಿಬಿಯಲ್ಲಿ ಕೊಟ್ಟರೆ ಕೆಲವು ಮೊಬೈಲ್, ಆ್ಯಪ್‌ಗಳಲ್ಲಿ ಅಷ್ಟು ಕಷ್ಟಪಟ್ಟು ಕೂರಿಸಿದ ಹಸಿರು ಮಂಕಾಗಿ ಕಾಣುತ್ತದೆ. ಹಂಚುವ ಮುಂಚೆ ಇನ್ನೊಬ್ಬರ ಮೊಬೈಲ್‌ನಲ್ಲಿ ಒಮ್ಮೆ ತೆರೆದು ನೋಡಿ. ಪ್ರಿಂಟ್ ಹಾಕಿಸುವುದಾದರೆ ಮೊದಲು ಸಣ್ಣ ಅಳತೆಯಲ್ಲಿ ಒಂದು ತೆಗೆಸಿ, ಕಿಟಕಿಯ ಪಕ್ಕ ಹಗಲು ಬೆಳಕಿನಲ್ಲಿ ಹಿಡಿದು ನೋಡಿ. ಕತ್ತಲು ಅನ್ನಿಸಿದರೆ ಎಕ್ಸ್‌ಪೋಷರ್ +0.3 ಏರಿಸಿ, ಆಮೇಲೆ ದೊಡ್ಡದಕ್ಕೆ ಕೊಡಿ.